ಶೀತನಾಡಿನಲ್ಲಿ ಕಾಫಿ ಗಿಡ ಚಳಿಗಾಲ ಕಳೆಯುವ ಬಗೆ



ಬೆಳೆಗಾರರ ಅನೇಕ ಮನೆಗಳ ಮಕ್ಕಳು ಇಂದು ಲಂಡನ್, ಟೊರಾಂಟೊ, ಷಿಕಾಗೊ ಮೊದಲಾದ ದೂರದ ಊರುಗಳಲ್ಲಿ ನೆಲೆಸಿದ್ದಾರೆ. ಅಲ್ಲಿನ ಕಿಟಕಿಯ ಬಳಿ ಒಂದು ಕಾಫಿ ಗಿಡ, ಅದರ ಪಕ್ಕದಲ್ಲಿ ಒಂದು ಕರಿಬೇವು ಇರಬೇಕೆಂಬುದು ಅವರ ಆಸೆ. ಬೇಸಿಗೆಯಲ್ಲಿ ಸೊಗಸಾಗಿ ಚಿಗುರಿದ ಗಿಡ ಡಿಸೆಂಬರ್ ಹೊತ್ತಿಗೆ ಎಲೆ ಉದುರಿಸಿತು, ಜನವರಿಯಲ್ಲಿ ಬುಡ ಕಪ್ಪಾಗಿ ಸತ್ತುಹೋಯಿತು ಎಂದು ಫೋನಿನಲ್ಲಿ ಹೇಳಿಕೊಳ್ಳುತ್ತಾರೆ. "ಅಲ್ಲಿಯ ಚಳಿ ತಡೆಯಲಿಲ್ಲ" ಎಂದು ಇಲ್ಲಿನ ಹಿರಿಯರು ಸಮಾಧಾನ ಹೇಳುತ್ತಾರೆ.

ಆದರೆ ಸ್ವಲ್ಪ ಯೋಚಿಸಬೇಕು. ಆ ದೇಶಗಳಲ್ಲಿ ಹೊರಗೆ ಹಿಮ ಸುರಿಯುತ್ತಿದ್ದರೂ ಮನೆಯೊಳಗೆ ಬಿಸಿಯ ಏರ್ಪಾಟು ಇರುತ್ತದೆ. ಒಳಗಿನ ಉಷ್ಣತೆ ಸುಮಾರು ೨೦ ಡಿಗ್ರಿ ಸೆಲ್ಸಿಯಸ್. ಅರೇಬಿಕಾ ಕಾಫಿಗೆ ಇದಕ್ಕಿಂತ ಹಿತವಾದ ಹವೆ ಬೇರೆಯಿಲ್ಲ. ಹಾಗಾದರೆ ಗಿಡ ಸತ್ತದ್ದು ಏತರಿಂದ?

ಈ ಪಾಠದಲ್ಲಿ ನಾವು ಆ ಪ್ರಶ್ನೆಗೆ ಉತ್ತರ ಹುಡುಕೋಣ. ಇದು ಕೇವಲ ಹವ್ಯಾಸದ ವಿಷಯವಲ್ಲ. ಉಷ್ಣದೇಶದ ಒಂದು ಗಿಡವನ್ನು ಶೀತದೇಶದಲ್ಲಿ ಚಳಿಗಾಲ ದಾಟಿಸುವ ವಿದ್ಯೆಯಿಂದಲೇ ಕಾಫಿ ಅರ್ಧ ಜಗತ್ತನ್ನು ಸೇರಿತು. ಆ ವಿದ್ಯೆಯ ನಿಯಮಗಳು ನಮ್ಮ ನರ್ಸರಿ ಮಡಿಗಳಿಗೂ ಅನ್ವಯಿಸುತ್ತವೆ.

ಒಲೆಯ ಮೂರು ಗುಂಡುಗಳು

ಗಿಡದ ಜೀವನ ಮೂರು ಗುಂಡುಗಳ ಮೇಲೆ ಕುಳಿತ ಪಾತ್ರೆಯಂತೆ. ಬೆಳಕು, ಬಿಸಿ, ನೀರು ಇವೇ ಆ ಮೂರು ಗುಂಡುಗಳು. ಒಂದು ಗುಂಡು ತಗ್ಗಿದರೆ ಉಳಿದೆರಡನ್ನೂ ಅಷ್ಟೇ ತಗ್ಗಿಸಬೇಕು. ಇಲ್ಲದಿದ್ದರೆ ಪಾತ್ರೆ ಉರುಳುತ್ತದೆ.

ಮೊದಲು ಬೆಳಕನ್ನು ನೋಡೋಣ. ಡಿಸೆಂಬರ್ ೨೨ರ ಸುಮಾರಿಗೆ ಚಿಕ್ಕಮಗಳೂರಿನಲ್ಲಿ ಹಗಲು ಹನ್ನೊಂದು ಗಂಟೆಗೂ ಹೆಚ್ಚು. ಲಂಡನ್ನಿನಲ್ಲಿ ಅದು ಎಂಟು ಗಂಟೆಗೂ ಕಡಿಮೆ. ಅಂದು ಮಧ್ಯಾಹ್ನ ನಮ್ಮಲ್ಲಿ ಸೂರ್ಯ ದಿಗಂತದಿಂದ ಸುಮಾರು ೫೩ ಡಿಗ್ರಿ ಎತ್ತರದಲ್ಲಿದ್ದರೆ, ಲಂಡನ್ನಿನಲ್ಲಿ ಕೇವಲ ೧೫ ಡಿಗ್ರಿ ಎತ್ತರದಲ್ಲಿರುತ್ತಾನೆ. ಅದೂ ಮೋಡ ಮುಸುಕಿದ ಆಕಾಶ. ಆ ಬೆಳಕು ಗಾಜನ್ನು ದಾಟಿ ಕೋಣೆಯೊಳಗೆ ಬರುವ ವೇಳೆಗೆ ಇನ್ನಷ್ಟು ಸೊರಗಿರುತ್ತದೆ. ಕಾಫಿ ನೆರಳಿನ ಗಿಡ, ನಿಜ. ಆದರೆ ತೋಟದ ಹಾಲುವಾಣದ ನೆರಳೇ ಬೇರೆ, ಕೋಣೆಯ ಮೂಲೆಯ ಕತ್ತಲೆಯೇ ಬೇರೆ.

ಬೆಳಕು ಕಡಿಮೆಯಾದಾಗ ಎಲೆ ಆಹಾರ ತಯಾರಿಸುವುದು ಕಡಿಮೆಯಾಗುತ್ತದೆ. ಎಲೆ ಕೆಲಸ ಮಾಡದಿದ್ದರೆ ಬೇರು ನೀರನ್ನು ಸೇದುವುದಿಲ್ಲ. ಆದರೆ ಮನೆಯವರು ಜುಲೈ ತಿಂಗಳಲ್ಲಿ ಕೊಟ್ಟಷ್ಟೇ ನೀರನ್ನು ಡಿಸೆಂಬರಿನಲ್ಲಿಯೂ ಕೊಡುತ್ತಾರೆ. ಕುಂಡದ ಮಣ್ಣು ಒಣಗುವುದೇ ಇಲ್ಲ. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ನಿಂತು, ಉಸಿರಾಡಲಾರದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಕೊಡಲಾರದು. ಆದ್ದರಿಂದ ಎಲೆ ಬಾಡುತ್ತದೆ. ಬಾಡಿದ ಎಲೆ ಕಂಡು ಮನೆಯವರು ಮತ್ತೊಂದು ಚೊಂಬು ನೀರು ಹಾಕುತ್ತಾರೆ. ಅಲ್ಲಿಗೆ ಗಿಡದ ಕಥೆ ಮುಗಿಯಿತು.

ಹೀಗೆ ಮನೆಯೊಳಗಿನ ಗಿಡಗಳನ್ನು ಕೊಲ್ಲುವುದು ಬಹುಪಾಲು ಚಳಿಯಲ್ಲ, ಪ್ರೀತಿಯಿಂದ ಹಾಕಿದ ನೀರು. ಆದ್ದರಿಂದ ಮೊದಲ ಸೂತ್ರವನ್ನು ಮನಸ್ಸಿನಲ್ಲಿಡೋಣ: ಬೆಳಕು ಎಷ್ಟೋ ಬಿಸಿ ಅಷ್ಟು, ಬಿಸಿ ಎಷ್ಟೋ ನೀರು ಅಷ್ಟು. ಚಳಿಗಾಲದಲ್ಲಿ ಗಿಡವನ್ನು ಬೆಳೆಸಲು ಹೋಗಬಾರದು, ಉಳಿಸಿಕೊಳ್ಳಬೇಕು.

ಚಳಿ ಗಿಡಕ್ಕೆ ಮಾಡುವುದೇನು?

ನಿಜವಾದ ಚಳಿ ತಗುಲಿದಾಗ ಏನಾಗುತ್ತದೆ ಎಂಬುದನ್ನೂ ತಿಳಿಯಬೇಕು. ಅರೇಬಿಕಾಕ್ಕೆ ವರ್ಷದ ಸರಾಸರಿ ೧೮ರಿಂದ ೨೨ ಡಿಗ್ರಿ ಉಷ್ಣತೆ ಒಗ್ಗುತ್ತದೆ. ಸುಮಾರು ೧೨ ಡಿಗ್ರಿಗಿಂತ ಕೆಳಗೆ ಬೆಳವಣಿಗೆ ಬಹಳ ಮಂದವಾಗುತ್ತದೆ. ನಾಲ್ಕೈದು ಡಿಗ್ರಿಗೆ ಇಳಿದರೆ ಎಲೆಗೆ ಪೆಟ್ಟು ಬೀಳತೊಡಗುತ್ತದೆ. ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಎಲೆ ಸಾಯುತ್ತದೆ. ರೋಬಸ್ಟಾ ಇನ್ನೂ ನಾಜೂಕು, ಅದಕ್ಕೆ ಅರೇಬಿಕಾದಷ್ಟು ಚಳಿ ತಡೆಯುವ ಶಕ್ತಿಯಿಲ್ಲ.

ಹೆಪ್ಪುಗಟ್ಟದ ಚಳಿಯಿಂದಲೂ ಹಾನಿಯುಂಟು. ತಂಪಾದ ತುಪ್ಪ ಗಟ್ಟಿಯಾಗುವಂತೆ, ಉಷ್ಣದೇಶದ ಗಿಡದ ಜೀವಕೋಶಗಳ ಸುತ್ತಲಿನ ಜಿಡ್ಡಿನ ಪೊರೆ ಚಳಿಗೆ ಬಿಗಿಯುತ್ತದೆ. ಪೊರೆಯ ಕೆಲಸ ಕೆಟ್ಟು ಕೋಶದ ರಸ ಸೋರುತ್ತದೆ. ತಣ್ಣನೆಯ ಮಣ್ಣಿನಲ್ಲಿ ಬೇರು ನೀರು ಎಳೆಯಲಾರದು. ಮಣ್ಣು ಒದ್ದೆಯಿದ್ದರೂ ಎಲೆ ಬಾಡುವುದು ಇದರಿಂದ. ಚಳಿಯ ರಾತ್ರಿ ಕಳೆದ ಕೂಡಲೇ ಬೆಳಗಿನ ಪ್ರಖರ ಬಿಸಿಲು ಬಿದ್ದರೆ ಹಾನಿ ಹೆಚ್ಚು. ಎಲೆ ಬೆಳಕನ್ನು ಹಿಡಿಯುತ್ತದೆ, ಆದರೆ ಚಳಿಯಿಂದ ಮರಗಟ್ಟಿರುವುದರಿಂದ ಆ ಶಕ್ತಿಯನ್ನು ಬಳಸಲಾರದೆ ಸುಟ್ಟುಕೊಳ್ಳುತ್ತದೆ.

ಅಡಿಕೆಗೆ ೧೪ರಿಂದ ೩೬ ಡಿಗ್ರಿಯವರೆಗಿನ ಹವೆ ಒಗ್ಗುತ್ತದೆ. ೧೦ ಡಿಗ್ರಿಗಿಂತ ಕೆಳಗಿಳಿದರೆ ಮರಕ್ಕೆ ತೊಂದರೆ. ಇದರ ಜೊತೆಗೆ ಇನ್ನೊಂದು ಭೇದವಿದೆ. ಕಾಫಿ ಗಿಡದ ತುದಿ ಸತ್ತರೆ ಬುಡದಿಂದ ಹೊಸ ಚಿಗುರು ಬರುತ್ತದೆ. ಅಡಿಕೆಗೆ ಇರುವುದು ಒಂದೇ ಸುಳಿ. ಸುಳಿ ಸತ್ತರೆ ಮರ ಸತ್ತಂತೆಯೇ.

ಆಮ್‌ಸ್ಟರ್‌ಡ್ಯಾಮಿನ ಒಂದು ಗಿಡ

ಈಗ ಚರಿತ್ರೆಯ ಕಡೆ ತಿರುಗೋಣ. ಬಾಬಾ ಬುಡನ್ ಅವರು ಯೆಮನ್ನಿನಿಂದ ಬೀಜ ತಂದ ಐತಿಹ್ಯ ನಮಗೆಲ್ಲ ಬಾಯಿಪಾಠ. ಅದರ ಮುಂದಿನ ಅಧ್ಯಾಯ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಡಚ್ಚರು ೧೬೯೬ರಲ್ಲಿ, ಆ ಗಿಡಗಳು ನಾಶವಾದ ಮೇಲೆ ಮತ್ತೆ ೧೬೯೯ರಲ್ಲಿ, ನಮ್ಮದೇ ಪಶ್ಚಿಮ ತೀರದ ಮಲಬಾರಿನಿಂದ ಜಾವಾ ದ್ವೀಪಕ್ಕೆ ಕಾಫಿಯನ್ನು ಒಯ್ದರು. ೧೭೦೬ರಲ್ಲಿ ಜಾವಾದಿಂದ ಒಂದು ಗಿಡ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೆ ಹೋಯಿತು.

ಆಮ್‌ಸ್ಟರ್‌ಡ್ಯಾಂ ಲಂಡನ್ನಿಗಿಂತಲೂ ಉತ್ತರಕ್ಕಿದೆ. ಅಲ್ಲಿ ಕಾಲುವೆಗಳ ನೀರೇ ಗಟ್ಟಿಯಾಗುವ ಚಳಿ ಬೀಳುತ್ತದೆ. ವಿದ್ಯುತ್ತು ಇಲ್ಲದ ಆ ಕಾಲದಲ್ಲಿ ಅಲ್ಲಿನ ತೋಟಗಾರರು ಗಿಡಗಳಿಗೆಂದೇ ಬಿಸಿಮನೆಗಳನ್ನು ಕಟ್ಟುತ್ತಿದ್ದರು. ದಕ್ಷಿಣದ ಗೋಡೆಗೆ ದೊಡ್ಡ ದೊಡ್ಡ ಗಾಜಿನ ಕಿಟಕಿಗಳು. ಉತ್ತರಕ್ಕೆ ದಪ್ಪ ಗೋಡೆ. ಒಲೆ ಉರಿಸಿ ಒಳಗನ್ನು ಬೆಚ್ಚಗಿಡುತ್ತಿದ್ದರು. ಚರ್ಮ ಹದಮಾಡಿದ ಮೇಲೆ ಉಳಿಯುವ ಓಕ್ ಮರದ ತೊಗಟೆಯ ಪುಡಿಯನ್ನು ಗುಂಡಿಯಲ್ಲಿ ತುಂಬಿ, ಅದರಲ್ಲಿ ಕುಂಡಗಳನ್ನು ಹೂಳುವ ಕ್ರಮವೂ ಆ ಕಾಲದ ಯೂರೋಪಿನಲ್ಲಿ ಬಳಕೆಗೆ ಬಂತು. ತೊಗಟೆ ನಿಧಾನವಾಗಿ ಕಳಿಯುವಾಗ ಹುಟ್ಟುವ ಶಾಖ ತಿಂಗಳುಗಟ್ಟಲೆ ಬೇರನ್ನು ಬೆಚ್ಚಗಿಡುತ್ತದೆ. ನಮ್ಮ ಗೊಬ್ಬರಗುಂಡಿಗೆ ಕೈಯಿಟ್ಟವರಿಗೆ ಈ ಶಾಖದ ಪರಿಚಯವಿದ್ದೇ ಇದೆ.

ಆ ಕಾಫಿ ಗಿಡ ಹೋದ ಮೂರನೆಯ ಚಳಿಗಾಲದಲ್ಲಿ, ಅಂದರೆ ೧೭೦೯ರ ಜನವರಿಯಲ್ಲಿ, ಯೂರೋಪಿಗೆ ಶತಮಾನಗಳಲ್ಲೇ ಕಾಣದಂಥ ಚಳಿ ಬಂತು. ನದಿಗಳು ಹೆಪ್ಪುಗಟ್ಟಿದವು. ಫ್ರಾನ್ಸಿನಲ್ಲಿ ಬೆಳೆ ನಾಶವಾಗಿ ಕ್ಷಾಮ ಬಂತು. ಅಂತಹ ಚಳಿಯನ್ನೂ ಕಾಫಿ ಬಿಸಿಮನೆಯಲ್ಲಿ ದಾಟಿತು. ೧೭೧೪ರಲ್ಲಿ ಆಮ್‌ಸ್ಟರ್‌ಡ್ಯಾಮಿನ ನಗರಾಡಳಿತದವರು ಸುಮಾರು ೫ ಅಡಿ ಎತ್ತರದ ಒಂದು ಕಾಫಿ ಗಿಡವನ್ನು ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ ಕಾಣಿಕೆಯಾಗಿ ಕೊಟ್ಟರು. ಅದು ಪ್ಯಾರಿಸ್ಸಿನ ರಾಜೋದ್ಯಾನ ಸೇರಿತು.

ಅದರ ಸಂತತಿಯ ಒಂದು ಸಸಿಯನ್ನು ೧೭೨೩ರ ಸುಮಾರಿಗೆ ದ ಕ್ಲಿಯು ಎಂಬ ಫ್ರೆಂಚ್ ಅಧಿಕಾರಿ ಹಡಗಿನಲ್ಲಿ ಮಾರ್ಟಿನೀಕ್ ದ್ವೀಪಕ್ಕೆ ಒಯ್ದನು. ದಾರಿಯಲ್ಲಿ ನೀರಿನ ಅಭಾವವಾದಾಗ ತನ್ನ ಪಾಲಿನ ಕುಡಿಯುವ ನೀರನ್ನೇ ಸಸಿಯೊಡನೆ ಹಂಚಿಕೊಂಡುದಾಗಿ ಆತನೇ ಬರೆದಿದ್ದಾನೆ. ಹೀಗೆ ಡಚ್ಚರ ಮತ್ತು ಫ್ರೆಂಚರ ಬಿಸಿಮನೆಗಳಿಂದ ಹೊರಟ ಟಿಪಿಕ ತಳಿ ಕೆರಿಬಿಯನ್ ದ್ವೀಪಗಳಿಗೂ ದಕ್ಷಿಣ ಅಮೆರಿಕಕ್ಕೂ ಹರಡಿತು.

ಇಲ್ಲಿ ಬೆಳೆಗಾರರು ಗಮನಿಸಬೇಕಾದ ಎರಡು ಅಂಶಗಳಿವೆ. ಮೊದಲನೆಯದು, ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ. ಆದ್ದರಿಂದಲೇ ಬಿಸಿಮನೆಯ ಒಂಟಿ ಗಿಡದಿಂದ ಬೀಜ ದೊರೆಯಿತು. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಅಂದು ಹೋದದ್ದು ಒಂದೇ ರೋಬಸ್ಟಾ ಗಿಡವಾಗಿದ್ದರೆ ಅದು ಹೂಬಿಟ್ಟು ಒಂಟಿಯಾಗಿಯೇ ಮುಗಿಯುತ್ತಿತ್ತು. ಎರಡನೆಯದು, ಕೆಲವೇ ಗಿಡಗಳ ಸಂತತಿ ಖಂಡವನ್ನೇ ತುಂಬಿದುದರಿಂದ ಅಲ್ಲಿನ ತೋಟಗಳಲ್ಲಿ ತಳಿಯ ವೈವಿಧ್ಯ ಬಹಳ ಕಡಿಮೆಯಾಯಿತು. ಮುಂದೆ ಬೇರೆ ದಾರಿಯಿಂದ ಬೂರ್ಬನ್ ತಳಿ ಸೇರಿಕೊಂಡರೂ ಕೊರತೆ ನೀಗಲಿಲ್ಲ. ೧೯೭೦ರಲ್ಲಿ ಬ್ರೆಜಿಲ್ಲಿನಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಾಗ ಅಲ್ಲಿನ ಗಿಡಗಳಲ್ಲಿ ಅದನ್ನು ಎದುರಿಸುವ ಶಕ್ತಿ ಇರಲಿಲ್ಲ. ಗಿಡವನ್ನು ಉಳಿಸುವ ವಿದ್ಯೆಯ ಜೊತೆಗೆ ತಳಿಗಳನ್ನು ಹಲವಾಗಿ ಉಳಿಸುವ ವಿವೇಕವೂ ಬೇಕು ಎಂಬುದಕ್ಕೆ ಇದು ಸಾಕ್ಷಿ.

ಬಾಳೆಯ ಪಾಠ, ಕಲ್ಲಿದ್ದಲಿನ ಪಾಠ

ಕಾಫಿಗೆ ಕಾಫಿಯಾ ಅರೇಬಿಕಾ ಎಂಬ ಶಾಸ್ತ್ರೀಯ ಹೆಸರನ್ನು ೧೭೫೩ರಲ್ಲಿ ಕೊಟ್ಟ ಲಿನೇಯಸ್ ತನ್ನ ಯೌವನದಲ್ಲಿ ಹಾಲೆಂಡಿನಲ್ಲಿದ್ದನು. ಅಲ್ಲಿ ಜಾರ್ಜ್ ಕ್ಲಿಫರ್ಡ್ ಎಂಬ ಶ್ರೀಮಂತನ ಬಿಸಿಮನೆಯಲ್ಲಿ ಒಂದು ಬಾಳೆ ಇತ್ತು. ಹಾಲೆಂಡಿನಲ್ಲಿ ಬಾಳೆ ಹೂಬಿಡುವುದೆಂದರೆ ಆಗ ಅಪರೂಪದ ಸಂಗತಿ. ಬಾಳೆಗೆ ಒಳ್ಳೆಯ ಮಣ್ಣು ಕೊಟ್ಟು, ಕೆಲವು ವಾರ ನೀರನ್ನು ತಡೆದು, ಬಳಿಕ ಮಳೆ ಸುರಿದಂತೆ ಧಾರಾಳವಾಗಿ ನೀರುಣಿಸಿದರು. ೧೭೩೬ರ ಆರಂಭದಲ್ಲಿ ಅದು ಹೂಬಿಟ್ಟಿತು. ಲಿನೇಯಸ್ ಆ ಬಾಳೆಯ ಮೇಲೆ ಒಂದು ಪುಸ್ತಕವನ್ನೇ ಬರೆದನು.

ಇದರ ಗುಟ್ಟು ನಮಗೆ ಹೊಸದಲ್ಲ. ನಮ್ಮ ಕಾಫಿ ಮೊಗ್ಗು ಜನವರಿ, ಫೆಬ್ರವರಿಯ ಒಣಹವೆಯಲ್ಲಿ ನಿದ್ರಿಸಿ, ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಅರಳುತ್ತದೆ. ಗಿಡಕ್ಕೆ ಬೇಕಾದುದು ಬರೀ ಬಿಸಿಯಲ್ಲ, ತನ್ನ ಊರಿನ ಋತುಕ್ರಮ. ವಿಶ್ರಾಂತಿಯ ಕಾಲದಲ್ಲಿ ವಿಶ್ರಾಂತಿ, ನೀರಿನ ಕಾಲದಲ್ಲಿ ನೀರು.

ಬಿಸಿಮನೆಯ ದೌರ್ಬಲ್ಯ ತಿಳಿಯಲು ಇನ್ನೊಂದು ನಿದರ್ಶನ ಸಾಕು. ಇಂಗ್ಲೆಂಡಿನ ಚಾಟ್ಸ್‌ವರ್ತ್‌ನಲ್ಲಿ ಜೋಸೆಫ್ ಪ್ಯಾಕ್ಸ್ಟನ್ ೧೮೩೬ರಿಂದ ೧೮೪೦ರವರೆಗೆ ಒಂದು ಭಾರಿ ಗಾಜಿನ ಮನೆಯನ್ನು ಕಟ್ಟಿಸಿದನು. ಉಷ್ಣದೇಶದ ಗಿಡಗಳು ಅಲ್ಲಿ ಮುಕ್ಕಾಲು ಶತಮಾನ ಬದುಕಿದವು. ಮೊದಲನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಬಾಯ್ಲರುಗಳು ಆರಿದವು. ಗಿಡಗಳು ಸತ್ತವು. ೧೯೨೦ರಲ್ಲಿ ಕಟ್ಟಡವನ್ನೇ ಕೆಡವಿದರು. ಶೀತದೇಶದಲ್ಲಿ ಉಷ್ಣದೇಶದ ಗಿಡ ಎಷ್ಟು ವರ್ಷ ಬಾಳಿದರೂ ಪ್ರತಿ ಚಳಿಗಾಲವೂ ಅದಕ್ಕೆ ಹೊಸ ಪರೀಕ್ಷೆಯೇ.

ಬಯಲಿನಲ್ಲಿ ಚಳಿಗಾಲ: ಪರಾನಾದ ಅನುಭವ

ಒಂದು ಗಿಡಕ್ಕೆ ಗಾಜಿನ ಮನೆ ಕಟ್ಟಬಹುದು. ಕೋಟಿ ಗಿಡಗಳಿಗೆ ಕಟ್ಟಲಾಗದು. ದಕ್ಷಿಣ ಬ್ರೆಜಿಲ್ಲಿನ ಪರಾನಾ ರಾಜ್ಯದ ಬೆಳೆಗಾರರು ಈ ಕಷ್ಟವನ್ನು ಬಲ್ಲವರು. ಅಲ್ಲಿ ಜೂನ್, ಜುಲೈ ಎಂದರೆ ಚಳಿಗಾಲ. ೧೯೭೫ರ ಜುಲೈ ೧೭ ಮತ್ತು ೧೮ರಂದು ದಕ್ಷಿಣದ ಶೀತಗಾಳಿ ನುಗ್ಗಿ ಗಿಡಗಳ ರಸವೇ ಹೆಪ್ಪುಗಟ್ಟಿತು. ಎಲೆ, ಕೊಂಬೆ, ಕಾಂಡಗಳು ಕಪ್ಪಾದವು. ಅದನ್ನು ಅವರು ಕಪ್ಪು ಹಿಮವೆಂದೇ ಕರೆಯುತ್ತಾರೆ. ಬ್ರೆಜಿಲ್ಲಿನ ಕಾಫಿಯಲ್ಲಿ ಮುಂಚೂಣಿಯಲ್ಲಿದ್ದ ಆ ರಾಜ್ಯದ ಮರುವರ್ಷದ ಫಸಲು ಹೆಚ್ಚುಕಡಿಮೆ ಶೂನ್ಯವಾಯಿತು. ಜಗತ್ತಿನ ಕಾಫಿ ಬೆಲೆ ಏರುತ್ತ ಹೋಗಿ ೧೯೭೭ರಲ್ಲಿ ದಾಖಲೆ ಮುಟ್ಟಿತು. ಅನೇಕರು ಕಾಫಿಯನ್ನೇ ಬಿಟ್ಟರು. ಕಾಫಿ ಕೃಷಿ ಉತ್ತರದ ಮಿನಾಸ್ ಜೆರೈಸ್ ಕಡೆಗೆ ಸರಿಯಿತು. ಅಲ್ಲಿಯೂ ಪೂರ್ಣ ಅಭಯವಿಲ್ಲ ಎಂಬುದನ್ನು ೨೦೨೧ರ ಜುಲೈ ತಿಂಗಳ ಹಿಮ ತೋರಿಸಿಕೊಟ್ಟಿತು.

ಪರಾನಾದಲ್ಲಿ ಉಳಿದ ಬೆಳೆಗಾರರಿಗೆ ಅಲ್ಲಿನ ಸಂಶೋಧಕರು ಕಲಿಸಿದ ಉಪಾಯಗಳು ಸರಳವಾದವು.

೧. ತಂಪುಗಾಳಿ ಭಾರವಾದುದು. ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ತಗ್ಗು, ಕಣಿವೆಗಳಲ್ಲಿ ಕಾಫಿ ನೆಡಬಾರದು. ಗಾಳಿ ಕೆಳಗೆ ಹರಿದುಹೋಗಲು ದಾರಿ ಬಿಡಬೇಕು.

೨. ನೆಟ್ಟು ಆರು ತಿಂಗಳೊಳಗಿನ ಸಸಿಗಳನ್ನು ಹಿಮದ ಮುನ್ಸೂಚನೆ ಬಂದ ದಿನವೇ ಪೂರ್ತಿ ಮಣ್ಣಿನಲ್ಲಿ ಮುಚ್ಚುತ್ತಾರೆ. ಅಪಾಯ ಕಳೆದೊಡನೆ ಮಣ್ಣನ್ನು ಬಿಡಿಸುತ್ತಾರೆ.

೩. ಆರು ತಿಂಗಳಿಂದ ಎರಡು ವರ್ಷದ ಗಿಡಗಳ ಬುಡಕ್ಕೆ ಚಳಿಗಾಲದ ಮೊದಲೇ ಮಣ್ಣು ಏರಿಸಿ, ಸೆಪ್ಟೆಂಬರಿನವರೆಗೆ ಹಾಗೆಯೇ ಬಿಡುತ್ತಾರೆ. ಮೇಲಿನ ಎಲೆ ಸತ್ತರೂ ಮಣ್ಣಿನೊಳಗಿನ ಕಾಂಡ ಬದುಕಿದ್ದು ಮತ್ತೆ ಚಿಗುರುತ್ತದೆ.

೪. ಸಿಲ್ವರ್ ಓಕ್, ತೊಗರಿ ಮೊದಲಾದವುಗಳ ನೆರಳನ್ನು ಅಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ರಾತ್ರಿ ನೆಲದ ಶಾಖ ಆಕಾಶಕ್ಕೆ ಹೋಗದಂತೆ ಮೇಲಿನ ಎಲೆ ಕಂಬಳಿಯಂತೆ ತಡೆಯುತ್ತದೆ. ನಮ್ಮ ಹಿರಿಯರು ಬಿಸಿಲಿಗೆಂದು ಬೆಳೆಸಿದ ನೆರಳು ಚಳಿಗೂ ರಕ್ಷೆ ಎಂಬುದನ್ನು ನೆರಳು ಕಡಿಯುವ ಮುನ್ನ ನೆನೆಯಬೇಕು.

ಕುಂಡದ ಕಾಫಿಗೆ ತಿಂಗಳವಾರು ಕ್ರಮ

ಈಗ ಮೊದಲ ಪ್ರಶ್ನೆಗೆ ಮರಳೋಣ. ಉತ್ತರದ ಶೀತದೇಶದ ಮನೆಯಲ್ಲಿ ಒಂದು ಕುಂಡದ ಕಾಫಿಯನ್ನು ಕಾಪಾಡುವ ಕ್ರಮ ಹೀಗಿದೆ. ಮಕ್ಕಳಿಗೆ ಇದನ್ನು ಓದಿ ಹೇಳಬಹುದು.

ಸೆಪ್ಟೆಂಬರ್: ರಾತ್ರಿಯ ಉಷ್ಣತೆ ೧೨ ಡಿಗ್ರಿಯ ಹತ್ತಿರ ಇಳಿಯುತ್ತಲೇ ಗಿಡವನ್ನು ಒಳಗೆ ತರಬೇಕು. ಹಿಮ ಬೀಳುವವರೆಗೆ ಕಾಯಬಾರದು. ತರುವ ಮೊದಲು ಎಲೆಯ ಅಡಿ, ಕಂಕುಳು, ಕುಂಡದ ತಳವನ್ನು ಪರೀಕ್ಷಿಸಬೇಕು. ಹಿಟ್ಟು ತಿಗಣೆ, ಶಲ್ಕ ಕೀಟಗಳಿದ್ದರೆ ತೆಳುವಾದ ಸಾಬೂನು ನೀರಿನಿಂದ ಒರೆಸಿ ತೊಳೆಯಬೇಕು. ಹೊರಗೆ ಜೇಡ, ಗುಲಗಂಜಿ ಹುಳುಗಳು ಈ ಕೀಟಗಳನ್ನು ತಿನ್ನುತ್ತವೆ. ಮನೆಯೊಳಗೆ ಅವು ಇಲ್ಲದುದರಿಂದ ಒಂದು ಹತ್ತಾಗಿ, ಹತ್ತು ನೂರಾಗುತ್ತವೆ.

ಅಕ್ಟೋಬರ್: ದಕ್ಷಿಣದ ಕಿಟಕಿಯ ಬಳಿ ಸ್ಥಳ ಕೊಡಬೇಕು. ಎಲೆ ಗಾಜಿಗೆ ತಾಗಬಾರದು. ರಾತ್ರಿ ಗಾಜು ಹಿಮದಂತೆ ತಣ್ಣಗಾಗುತ್ತದೆ. ಬಿಸಿಗಾಳಿಯ ಕಿಂಡಿಯ ಹತ್ತಿರವೂ ಇಡಬಾರದು. ಕುಂಡವನ್ನು ತಣ್ಣನೆಯ ನೆಲದ ಮೇಲಿಡದೆ ಒಂದು ಹಲಗೆಯ ಮೇಲಿಡಬೇಕು. ಗೊಬ್ಬರವನ್ನು ಈ ತಿಂಗಳು ನಿಲ್ಲಿಸಬೇಕು. ಒಳಗೆ ತಂದ ಮೇಲೆ ಕೆಲವು ಎಲೆ ಉದುರುವುದು ಸಹಜ.

ನವೆಂಬರಿನಿಂದ ಫೆಬ್ರವರಿ: ಇದೇ ಕಠಿಣ ಕಾಲ. ಬೆರಳನ್ನು ಒಂದು ಅಂಗುಲ ಮಣ್ಣಿನೊಳಗೆ ಊರಿ ನೋಡಬೇಕು. ಒಣಗಿದ್ದರೆ ಮಾತ್ರ ನೀರು. ವಾರ, ತಾರೀಖು ನೋಡಿ ನೀರು ಹಾಕಬಾರದು. ನಲ್ಲಿಯ ಕೊರೆಯುವ ನೀರಿನ ಬದಲು ಕೋಣೆಯಲ್ಲಿಟ್ಟು ಬೆಚ್ಚಗಾದ ನೀರನ್ನು ಹಾಕಬೇಕು. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಬೆಳಕು ಕಡಿಮೆಯಿರುವ ಮನೆಯಲ್ಲಿ ೧೫ರಿಂದ ೧೮ ಡಿಗ್ರಿಯ ತಂಪು ಕೋಣೆ ಕಾಫಿಗೆ ಬೆಚ್ಚನೆಯ ಹಜಾರಕ್ಕಿಂತ ಮೇಲು. ಹೆಚ್ಚು ಬಿಸಿಯೇ ಬೇಕೆಂದರೆ ಗಿಡಗಳಿಗೆಂದು ಮಾಡಿದ ಎಲ್‌ಇಡಿ ದೀಪವನ್ನು ದಿನಕ್ಕೆ ೧೨ ಗಂಟೆ ಉರಿಸಿ ಬೆಳಕನ್ನೂ ಏರಿಸಬೇಕು.

ಬಿಸಿ ಮಾಡಿದ ಕೋಣೆಯ ಗಾಳಿ ಬಹಳ ಒಣ. ಎಲೆಯ ತುದಿ ಕಂದಾಗುವುದು ಇದರಿಂದ. ಇದಕ್ಕೆ ಬೇರಿಗೆ ನೀರು ಹಾಕುವುದು ಔಷಧವಲ್ಲ. ಅಗಲವಾದ ತಟ್ಟೆಯಲ್ಲಿ ಜಲ್ಲಿಕಲ್ಲು ಹರಡಿ, ಕಲ್ಲಿನ ಮಟ್ಟಕ್ಕಿಂತ ಕೆಳಗೆ ನೀರು ನಿಲ್ಲಿಸಿ, ಅದರ ಮೇಲೆ ಕುಂಡವನ್ನಿಡಬಹುದು. ನಾಲ್ಕು ಗಿಡಗಳನ್ನು ಗುಂಪಾಗಿಟ್ಟರೂ ಗಾಳಿ ಸ್ವಲ್ಪ ತೇವಗೊಳ್ಳುತ್ತದೆ. ಎಲೆಯ ಮೇಲೆ ಸಣ್ಣ ಬಲೆ ಕಂಡರೆ ಕೆಂಪು ನುಸಿ ಬಂದಿದೆಯೆಂದು ತಿಳಿದು ಎಲೆಯ ಅಡಿಯನ್ನು ತೊಳೆಯಬೇಕು.

ಮಾರ್ಚ್, ಏಪ್ರಿಲ್: ಹಗಲು ಬೆಳೆದಂತೆ ಹೊಸ ಚಿಗುರು ಕಾಣುತ್ತದೆ. ನೀರನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ, ತೆಳುವಾದ ಗೊಬ್ಬರ ಆರಂಭಿಸಬೇಕು. ಕುಂಡ ಬದಲಾಯಿಸುವುದಿದ್ದರೆ ಇದೇ ಸಮಯ.

ಮೇ ಕೊನೆ: ಹಿಮದ ಭಯ ಪೂರ್ತಿ ಕಳೆದು ರಾತ್ರಿ ೧೨ ಡಿಗ್ರಿಗಿಂತ ಮೇಲಿರುವಾಗ ಹೊರಗೆ ತರಬಹುದು. ಮೊದಲ ಹತ್ತು ಹದಿನೈದು ದಿನ ನೆರಳಿನಲ್ಲಿಡಬೇಕು. ನರ್ಸರಿಯ ಚಪ್ಪರವನ್ನು ನಾವು ಒಮ್ಮೆಗೇ ತೆಗೆಯುತ್ತೇವೆಯೇ? ಹಂತಹಂತವಾಗಿ ತೆಗೆಯುತ್ತೇವೆ. ಇಲ್ಲಿಯೂ ಅದೇ ರೀತಿ.

ಜೊತೆಯ ಗಿಡಗಳು

ಎಲ್ಲ ಗಿಡಗಳನ್ನೂ ಒಂದೇ ರೀತಿ ನೋಡಬಾರದು. ಚಳಿಗಾಲ ಕಳೆಯುವ ಬಗೆಯಲ್ಲಿ ಮೂರು ಜಾತಿಗಳುಂಟು.

ಎಚ್ಚರವಾಗಿರುವ ಗಿಡಗಳು: ಕಾಫಿ, ಮೆಣಸಿನ ಬಳ್ಳಿ, ವೀಳ್ಯದೆಲೆ, ಅಡಿಕೆ. ಇವುಗಳಿಗೆ ಸದಾ ಎಲೆ ಬೇಕು, ಆದುದರಿಂದ ಬೆಳಕು ಬೇಕೇ ಬೇಕು. ವೀಳ್ಯದೆಲೆಗೆ ೧೫ ಡಿಗ್ರಿಗಿಂತ ಕೆಳಗೆ ಆಗದು. ಮುಂಜಾಗ್ರತೆಯಾಗಿ ಒಂದೆರಡು ತುಂಡುಗಳನ್ನು ನೀರಿನಲ್ಲಿ ಬೇರು ಬರಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಅಡಿಕೆಗೆ ಸದಾ ಬಿಸಿ, ಸದಾ ತೇವದ ಗಾಳಿ ಬೇಕಾದುದರಿಂದ ಸಾಮಾನ್ಯ ಮನೆಯಲ್ಲಿ ಅದನ್ನು ಉಳಿಸುವುದು ಬಹಳ ಕಷ್ಟ. ಅಲ್ಲಿನ ಅಂಗಡಿಗಳಲ್ಲಿ ಅರೇಕ ಪಾಮ್ ಎಂಬ ಹೆಸರಿನಲ್ಲಿ ಮಾರುವುದು ನಮ್ಮ ಅಡಿಕೆಯಲ್ಲ. ಅದು ಮಡಗಾಸ್ಕರ್ ದ್ವೀಪದ ಬೇರೊಂದು ಅಲಂಕಾರದ ತಾಳೆ. ಅದರಲ್ಲಿ ಅಡಿಕೆ ಬಿಡುವುದೆಂದು ಕಾಯುವವರಿಗೆ ನಿರಾಶೆ ಖಂಡಿತ.

ಅರೆನಿದ್ರೆಯ ಗಿಡ: ಕರಿಬೇವು. ಬೆಳಕೂ ಬಿಸಿಯೂ ತಗ್ಗಿದಾಗ ಇದು ಎಲೆ ಉದುರಿಸಿ ಬೋಳಾಗುತ್ತದೆ. ಸತ್ತಿತೆಂದು ಎಸೆಯಬಾರದು. ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದರೆ ಒಳಗೆ ಹಸಿರಿದ್ದಲ್ಲಿ ಜೀವ ಇದೆ. ೧೦ ಡಿಗ್ರಿಗಿಂತ ಕೆಳಗಿಳಿಯದ ಜಾಗದಲ್ಲಿಟ್ಟು, ಮಣ್ಣು ಧೂಳಾಗದಷ್ಟು ಮಾತ್ರ ನೀರು ಕೊಟ್ಟರೆ ವಸಂತದಲ್ಲಿ ಚಿಗುರುತ್ತದೆ. ಬೋಳು ಗಿಡಕ್ಕೆ ನೀರು ಹೆಚ್ಚಾಗಿ ಹಾಕಿದರೆ ಮಾತ್ರ ಉಳಿಯದು.

ಪೂರ್ಣ ನಿದ್ರೆಯ ಗಿಡಗಳು: ಅರಿಶಿನ, ಶುಂಠಿ, ಕೆಸು. ಇವುಗಳ ಎಲೆ ತಾನಾಗಿಯೇ ಹಳದಿಯಾಗಿ ಬೀಳುತ್ತದೆ. ಗಡ್ಡೆಯನ್ನು ಕಿತ್ತು, ಮಣ್ಣು ಒದರಿ, ಒಣ ಮರಳಿನಲ್ಲೋ ಕಾಗದದ ಚೀಲದಲ್ಲೋ ಹಿಮ ತಾಗದ ಬೆಚ್ಚನೆಯ ಮೂಲೆಯಲ್ಲಿಟ್ಟರೆ ಸಾಕು. ಇವುಗಳಿಗೆ ಬೆಳಕೂ ಬೇಡ, ನೀರೂ ಬೇಡ.

ಒಂದು ಎಚ್ಚರಿಕೆ

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಕ್ಕಳ ಆಸೆಗೆಂದು ತೋಟದ ಹಸಿ ಬೀಜವನ್ನಾಗಲಿ, ಸಸಿಯನ್ನಾಗಲಿ, ಕರಿಬೇವಿನ ಕಡ್ಡಿಯನ್ನಾಗಲಿ ಪೆಟ್ಟಿಗೆಯಲ್ಲಿ ಅಡಗಿಸಿ ಕಳುಹಿಸಬಾರದು. ಗಿಡ, ಬೀಜಗಳನ್ನು ಗಡಿ ದಾಟಿಸಲು ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಆಯಾ ದೇಶದ ಅಪ್ಪಣೆ ಬೇಕು. ಕಿತ್ತಳೆ, ನಿಂಬೆಯ ತೋಟಗಳನ್ನು ಹಾಳುಮಾಡುವ ರೋಗವೊಂದನ್ನು ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಹೊರದೇಶಗಳಲ್ಲಿ ಕರಿಬೇವಿನ ವಿಷಯದಲ್ಲಿ ಕಟ್ಟುನಿಟ್ಟು ಇರುವುದು ಈ ಕಾರಣಕ್ಕೆ.

ಇದನ್ನು ವೃಥಾ ಕಿರುಕುಳವೆಂದು ನಾವು ಭಾವಿಸಬಾರದು. ಆಫ್ರಿಕದ ಕಾಯಿಕೊರಕ ಹುಳು ೧೯೯೦ರಲ್ಲಿ ನೀಲಗಿರಿಯ ಗೂಡಲೂರಿನ ಬಳಿ ಕಾಣಿಸಿಕೊಂಡು, ಮುಂದೆ ನಮ್ಮ ತೋಟಗಳಿಗೂ ಬಂದು, ಇಂದಿಗೂ ಎಷ್ಟು ಕಾಡುತ್ತಿದೆ ಎಂಬುದು ನಮಗೆಲ್ಲ ತಿಳಿದಿದೆ. ನಮಗಾದ ನಷ್ಟವನ್ನು ಇನ್ನೊಬ್ಬ ರೈತನಿಗೆ ನಾವು ಕಳುಹಿಸಬಾರದು. ಕಾಫಿ ಸಸಿಗಳು ಅಲ್ಲಿನ ಗಿಡದ ಅಂಗಡಿಗಳಲ್ಲಿ ಮನೆಗಿಡಗಳಾಗಿ ದೊರೆಯುತ್ತವೆ. ಅದನ್ನು ಕೊಳ್ಳಲಿ. ಸಾಕುವ ವಿದ್ಯೆಯನ್ನು ಇಲ್ಲಿಂದ ಕಳುಹಿಸೋಣ.

ನಮ್ಮ ನರ್ಸರಿಗೆ ಏನು ಪ್ರಯೋಜನ?

ನಮ್ಮಲ್ಲಿ ಕಾಫಿ ಬೀಜ ಬಿತ್ತುವುದು ಡಿಸೆಂಬರ್, ಜನವರಿಯಲ್ಲಿ, ಅಂದರೆ ನಮ್ಮ ಚಳಿಗಾಲದಲ್ಲಿಯೇ. ತಂಪು ಮಣ್ಣಿನಲ್ಲಿ ಮೊಳಕೆ ತಡವಾಗುತ್ತದೆ. ತಡವಾಯಿತೆಂದು ಗಾಬರಿಯಾಗಿ ದಿನವೂ ಮಡಿಯನ್ನು ತೋಯಿಸಿದರೆ ಲಂಡನ್ನಿನ ಕುಂಡದ ಗತಿಯೇ ನಮ್ಮ ಬೀಜಕ್ಕೂ ಬರುತ್ತದೆ. ಒಣ ಹುಲ್ಲಿನ ಹೊದಿಕೆ ರಾತ್ರಿಯ ಶಾಖವನ್ನು ಹಿಡಿದಿಡುತ್ತದೆ. ನೀರನ್ನು ಸಂಜೆ ಹಾಕದೆ ಬಿಸಿಲೇರಿದ ಮೇಲೆ ಹದವಾಗಿ ಹಾಕಿದರೆ ಮಡಿ ಅಷ್ಟು ತಣ್ಣಗಾಗದು. ನರ್ಸರಿಯನ್ನು ತಣ್ಣನೆಯ ಗಾಳಿ ನಿಲ್ಲುವ ಹಳ್ಳದ ತಳದಲ್ಲಿ ಮಾಡದೆ, ಗಾಳಿ ಹರಿದುಹೋಗುವ ಸಾಧಾರಣ ಇಳಿಜಾರಿನಲ್ಲಿ ಮಾಡುವುದು ಮೇಲು. ಮೋಡ ಕವಿದ ದಿನಗಳಲ್ಲಿ ಚೀಲದ ಸಸಿಗಳಿಗೆ ನೀರು ಕಡಿಮೆ ಮಾಡಬೇಕೆಂಬುದನ್ನು ಕೆಲಸದವರಿಗೆ ತಿಳಿಸಿ ಹೇಳಬೇಕು.

ಮನನಕ್ಕೆ

೧. ಬೆಳಕು, ಬಿಸಿ, ನೀರು ಮೂರನ್ನೂ ಒಟ್ಟಿಗೆ ಏರಿಸಬೇಕು, ಒಟ್ಟಿಗೆ ಇಳಿಸಬೇಕು.
೨. ಬಾಡಿದ ಎಲೆ ಕಂಡೊಡನೆ ನೀರು ಹಾಕದೆ ಮೊದಲು ಮಣ್ಣನ್ನು ಮುಟ್ಟಿ ನೋಡಬೇಕು.
೩. ಚಳಿಗಾಲದಲ್ಲಿ ಗೊಬ್ಬರ ಬೇಡ.
೪. ಗಿಡ ಎಚ್ಚರದ ಜಾತಿಯೋ ನಿದ್ರೆಯ ಜಾತಿಯೋ ಎಂದು ತಿಳಿದು ಆರೈಕೆ ಮಾಡಬೇಕು.
೫. ಒಂದೇ ತಳಿಯನ್ನು ನೆಚ್ಚಿ ಕೂರಬಾರದು.

ಚರ್ಚಾಕೂಟಗಳಲ್ಲಿ ವಿಚಾರ ಮಾಡಲು ಮೂರು ಪ್ರಶ್ನೆಗಳನ್ನು ಕೊಡುತ್ತಿದ್ದೇವೆ. ಒಂದು, ನಮ್ಮ ತೋಟದಲ್ಲಿ ಡಿಸೆಂಬರ್ ರಾತ್ರಿ ಅತ್ಯಂತ ತಣ್ಣಗಾಗುವ ಜಾಗ ಯಾವುದು, ಅಲ್ಲಿನ ಗಿಡಗಳು ಬೇರೆಯವಕ್ಕಿಂತ ಹೇಗೆ ಭಿನ್ನವಾಗಿವೆ? ಎರಡು, ಕಳೆದ ಸಾಲಿನಲ್ಲಿ ನರ್ಸರಿಯಲ್ಲಿ ಸತ್ತ ಸಸಿಗಳಲ್ಲ��� ಬೇರು ಕೊಳೆತವು ಎಷ್ಟು, ಒಣಗಿದವು ಎಷ್ಟು? ಮೂರು, ಅಡಿಕೆಯ ಸುಳಿಗೆ ಪೆಟ್ಟಾದರೆ ಮರ ಉಳಿಯದು, ಕಾಫಿಯ ತುದಿಗೆ ಪೆಟ್ಟಾದರೆ ಗಿಡ ಉಳಿಯುತ್ತದೆ. ಈ ಭೇದವನ್ನು ತಿಳಿದ ನಾವು ಎರಡು ಬೆಳೆಗಳನ್ನೂ ಕಾಯುವ ಕ್ರಮದಲ್ಲಿ ಏನು ವ್ಯತ್ಯಾಸ ಮಾಡಬೇಕು? ಉತ್ತರಗಳನ್ನು ಎಲ್ಲರೂ ತಮ್ಮ ತೋಟದಲ್ಲಿಯೇ ನೋಡಿ ಬರಲಿ.